ಹಗೇವಿಗೆ ಇಳಿಯುವ ಮುನ್ನ

ಹಗೇವಿನಲ್ಲಿ ರಾಗಿ ತುಂಬುವುದು ನಮ್ಮ ಹಳೇ ಮೈಸೂರು ಸೀಮೆಯ ಹಿಂದಿನ ಪದ್ಧತಿ. ಮುಚ್ಚಿದ ಹಗೇವಿನಲ್ಲಿ ಕಾಳೂ ಉಸಿರಾಡುತ್ತದೆ. ಆಮ್ಲಜನಕ ಕುಗ್ಗಿ ಇಂಗಾಲಾಮ್ಲ ವಾಯು ತುಂಬುತ್ತದೆ.

ನಮ್ಮ ಉಸಿರನ್ನು ನಡೆಸುವುದು ಮಿದುಳಿನ ಬುಡ. ರಕ್ತದಲ್ಲಿ ಇಂಗಾಲಾಮ್ಲ ಹೆಚ್ಚಿದರೆ ಅದು ಏದುಸಿರು ಬರಿಸುತ್ತದೆ. ಆಮ್ಲಜನಕದ ಕೊರತೆಯನ್ನು ಅರಿಯುವ ಸಣ್ಣ ಗಂಟುಗಳು ಕತ್ತಿನ ರಕ್ತನಾಳಗಳ ಬಳಿ ಇವೆ. ಆದರೆ ಕೊರತೆ ಬಹಳವಾಗುವವರೆಗೆ ಅವು ಬಲವಾಗಿ ಎಚ್ಚರಿಸವು. ತೀರಾ ಕೆಟ್ಟ ಗಾಳಿಯಲ್ಲಿ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಬಹುದು. ಉಸಿರು ಕಟ್ಟಿದರೆ ಹತ್ತಿ ಬರುತ್ತೇನೆಂದು ನಂಬಬೇಡಿ.

ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಿಸಿ. ಹಗ್ಗದಲ್ಲಿ ದೀಪ ಇಳಿಸಿ. ಆರಿದರೆ ಯಾರೂ ಇಳಿಯಕೂಡದು. ಉರಿದರೂ ಕಂಕುಳಡಿ ಹಗ್ಗ ಕಟ್ಟಿಕೊಳ್ಳಿ, ಮೇಲೆ ಇಬ್ಬರಿರಲಿ. ಗೊಬ್ಬರ ಅನಿಲದ ಗುಂಡಿಯ ಬಳಿ ಮಾತ್ರ ದೀಪ ಒಯ್ಯಬೇಡಿ. ಬಿದ್ದವನನ್ನು ಹಗ್ಗದಿಂದಲೇ ಎಳೆಯಿರಿ. ಎತ್ತಲು ಇಳಿದವನ ಜೀವವೂ ಹೋದೀತು.