ಕಂಡಿಷನರಿನ ಸೀಸೆಯಲ್ಲಿರುವುದೇನು?

ಕಂಡಿಷನರ್ ಸೀಸೆಯ ಮುಂಭಾಗದಲ್ಲಿ ದಾಸವಾಳ, ಬಾದಾಮಿ, ನೆಲ್ಲಿಕಾಯಿಗಳ ಅಂದವಾದ ಚಿತ್ರ. ಹಿಂಭಾಗದಲ್ಲಿ ಇರುವೆಸಾಲಿನಂಥ ಅಕ್ಷರಗಳ ಒಂದು ಪಟ್ಟಿ. ನಾವು ಹಣ ಕೊಡುವುದು ಚಿತ್ರವನ್ನು ನೋಡಿ, ಕೂದಲಿಗೆ ತಗಲುವುದು ಪಟ್ಟಿಯಲ್ಲಿರುವ ವಸ್ತು. ಕಲಾವಿಭಾಗದವಳಾದ ನಾನು ರಸಾಯನಶಾಸ್ತ್ರದ ಗೊಡವೆಗೆ ಹೋದುದು ಇದಕ್ಕಾಗಿಯೇ.

ಬುಡದಿಂದ ಹೊರಬಂದ ಕೂದಲು ನಿರ್ಜೀವವಾದುದು. ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಅದರ ಮೇಲೆ ಮನೆಯ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಪದರಗಳೂ ಅವುಗಳ ಮೇಲೆ ತೆಳುವಾದ ಜಿಡ್ಡಿನ ಲೇಪವೂ ಉಂಟು. ಬಿಸಿಲು, ಬ್ಲೀಚು, ಬಾಚಣಿಗೆಗಳ ಕಾಟದಿಂದ ಈ ಲೇಪ ಸವೆದಂತೆ ಕೂದಲಿನ ಮೈಯಲ್ಲಿ ಋಣ ವಿದ್ಯುದಂಶ ಹೆಚ್ಚುತ್ತದೆ. ಎಳೆಗಳು ಒರಟಾಗಿ ಸಿಕ್ಕುಗಟ್ಟುತ್ತವೆ.

ಕಂಡಿಷನರಿನ ಗುಟ್ಟಿರುವುದು ಇಲ್ಲಿ. ಪಟ್ಟಿಯಲ್ಲಿ ಸೆಟ್ರಿಮೋನಿಯಂ ಕ್ಲೋರೈಡ್ ಅಥವಾ ಬೆಹೆನ್‌ಟ್ರಿಮೋನಿಯಂ ಕ್ಲೋರೈಡ್ ಎಂಬ ಹೆಸರನ್ನು ಹುಡುಕಿರಿ. ಇವುಗಳ ಅಣುವಿಗೆ ಧನ ವಿದ್ಯುದಂಶವುಳ್ಳ ತಲೆ, ಜಿಡ್ಡಿನ ಉದ್ದ ಬಾಲ. ಮೊದಲನೆಯದರ ಬಾಲದಲ್ಲಿ 16, ಎರಡನೆಯದರಲ್ಲಿ 22 ಇಂಗಾಲದ ಪರಮಾಣುಗಳು. ತಲೆ ಕೂದಲಿಗೆ ಅಂಟುತ್ತದೆ, ಬಾಲ ನುಣುಪು ಕೊಡುತ್ತದೆ. ಹೆಚ್ಚು ಸವೆದ ಕಡೆಯಲ್ಲಿ ಹೆಚ್ಚು ಅಂಟುವುದರಿಂದ ಇದನ್ನು ಹಚ್ಚಬೇಕಾದುದು ಕೂದಲಿನ ತುದಿಗೆ, ನೆತ್ತಿಗಲ್ಲ.

ಉಳಿದವುಗಳಲ್ಲಿ ಬಹುಪಾಲು ನೀರು. ಸೀಟೈಲ್ ಆಲ್ಕೋಹಾಲ್ ಎಂಬ ಹೆಸರು ಕಂಡು ನಮ್ಮ ಹಾಸ್ಟೆಲಿನಲ್ಲಿ ಹಲವರು ಬೆಚ್ಚುವುದುಂಟು. ಅದು ಸಾರಾಯಿಯ ಆಲ್ಕೋಹಾಲ್ ಅಲ್ಲ. ಮೇಣದಂಥ ಬಿಳಿಯ ವಸ್ತು, ಕೂದಲನ್ನು ಒಣಗಿಸುವುದಿಲ್ಲ. ಡೈಮೆಥಿಕೋನ್ ಹೊಳಪು ಕೊಡುವ ಸಿಲಿಕೋನ್ ಎಣ್ಣೆ. ಸಿಟ್ರಿಕ್ ಆಮ್ಲ ಹುಳಿಯನ್ನು ಹದದಲ್ಲಿಡಲು. ನೀರಿರುವ ಪದಾರ್ಥ ಕೆಡಬಾರದೆಂದು ಫಿನಾಕ್ಸಿಎಥನಾಲಿನಂಥ ಸಂರಕ್ಷಕ.

ಹಾಗಾದರೆ ಮುಂಭಾಗದ ದಾಸವಾಳವೆಲ್ಲಿ? ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳಂತೆ ಶೇಕಡಾ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕೆ ಮೀರದವನ್ನು ಅವುಗಳ ಅನಂತರ ಯಾವ ಕ್ರಮದಲ್ಲಾದರೂ ಬರೆಯಬಹುದು. ಸಂರಕ್ಷಕದ ಆಚೆ ದಾಸವಾಳದ ಹೆಸರು ಕಂಡರೆ ಅದರ ಪಾಲು ಬಹಳ ಅಲ್ಪವೆಂದೇ ತಿಳಿಯಬಹುದು. ಮನೆಯಲ್ಲಿ ಅರೆದ ದಾಸವಾಳದ ಎಲೆಯ ಸಂಗತಿ ಬೇರೆ. ಅಲ್ಲಿ ಕೆಲಸ ಮಾಡುವುದು ಧಾರಾಳವಾಗಿ ಬರುವ ಲೋಳೆ. ಅಗ್ಗದ ಪೊಟ್ಟಣವನ್ನೂ ದುಬಾರಿ ಸೀಸೆಯನ್ನೂ ಕೊಳ್ಳುವ ಮೊದಲು ಎರಡರ ಪಟ್ಟಿಯ ಮೊದಲ ಐದಾರು ಹೆಸರುಗಳನ್ನು ಹೋಲಿಸಿ ನೋಡಿರಿ. ಅವು ಒಂದೇ ಆಗಿದ್ದರೆ ಬೆಲೆಯ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಚಿತ್ರವೂ ಪರಿಮಳವೂ ಕಾರಣವೆಂದು ನನ್ನ ಅಭಿಪ್ರಾಯ.

‘ಸೀಳಿದ ಕೂದಲನ್ನು ಗುಣಪಡಿಸುತ್ತದೆ’ ಎಂಬ ಮಾತನ್ನು ನಾನಂತೂ ಒಪ್ಪಲಾರೆ. ನಿರ್ಜೀವ ವಸ್ತುವಿಗೆ ಗುಣವಾಗುವ ಶಕ್ತಿಯೆಲ್ಲಿಯದು? ತಾತ್ಕಾಲಿಕವಾಗಿ ಅಂಟಿಸಬಹುದು, ಅಷ್ಟೆ. ಇನ್ನು ಹಚ್ಚಿದ ಮೇಲೆ ತುರಿಕೆ ಏಳುವವರು ಪಟ್ಟಿಯ ಕೊನೆಯಲ್ಲಿರುವ ಸುಗಂಧ ಮತ್ತು ಸಂರಕ್ಷಕಗಳ ಹೆಸರುಗಳನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸುವುದು ಒಳ್ಳೆಯದು.