ವಾರಂಟು ಬೇರೆ, ಬಾಕಿ ಬೇರೆ

ಅಳಿಯಾ, ಒಂದು ರಾತ್ರಿ ಠಾಣೆಯ ಬೆಂಚಿನ ಮೇಲೆ ಕಳೆದವನಿಗೆ ಸಿಟ್ಟು ಬರದೆ ಇರುತ್ತದೆಯೇ? ‘ದುಡ್ಡು ಕೊಟ್ಟಿದ್ದೀನಿ ಮಾವಾ, ಆದರೂ ಹಿಡ್ಕೊಂಡು ಹೋದರು’ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೀಯಂತೆ. ಊರಿಗೆಲ್ಲ ಹೇಳಿ ಉಪಯೋಗವಿಲ್ಲ. ಕೋರ್ಟಿನಲ್ಲಿ ಶಿರಸ್ತೇದಾರನಾಗಿ ಜೀವನಾಂಶದ ಕಡತಗಳ ನಡುವೆಯೇ ತಲೆ ನರೆಸಿಕೊಂಡವನು ನಾನು. ಅಷ್ಟರ ಮಟ್ಟಿಗೆ ನನ್ನ ಮಾತು ಕೇಳು.

ನಿನ್ನ ಮುಂದೆ ಎರಡು ತಕರಾರುಗಳಿವೆ. ನಿನ್ನನ್ನು ಹಿಡಿದದ್ದು ಕ್ರಮಬದ್ಧವೋ ಅಲ್ಲವೋ ಎಂಬುದು ಒಂದು. ಮಗುವಿನ ಹಣ ನಿಜಕ್ಕೂ ಎಷ್ಟು ಬಾಕಿ ಎಂಬುದು ಇನ್ನೊಂದು. ಇವೆರಡನ್ನೂ ಕಲಸಿ ಒಂದೇ ಅರ್ಜಿಯಲ್ಲಿ ಸುರಿದವರು ಎರಡನ್ನೂ ಕೆಡಿಸಿಕೊಂಡದ್ದನ್ನು ನೋಡಿದ್ದೇನೆ. ಬಂಧನ ತಪ್ಪೆಂದು ತೀರ್ಮಾನವಾದರೂ ಬಾಕಿಯಲ್ಲಿ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ. ಜೈಲಿಗೆ ಹೋಗಿ ಬಂದರೂ ಅಷ್ಟೇ. ಜೈಲು ಎನ್ನುವುದು ವಸೂಲಿಗೆ ಒಂದು ದಾರಿ ಮಾತ್ರ, ಸಾಲ ತೀರಿದಂತಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ‘ಒಂದು ತಿಂಗಳು ಒಳಗಿದ್ದು ಬಂದರೆ ಎಲ್ಲ ಚುಕ್ತಾ’ ಎಂದು ಕಟ್ಟೆಯ ಮೇಲೆ ಕೂತು ಬುದ್ಧಿ ಹೇಳುವವರ ಮಾತು ನಂಬಬೇಡ.

ಮೊದಲು ಕಾಗದ. ನಿನ್ನ ಕೇಸಿನ ಆರ್ಡರ್ ಶೀಟು, ಮೂಲ ಆದೇಶ, ವಾರಂಟು, ಮಗುವಿನ ತಾಯಿ ಕೊಟ್ಟ ಬಾಕಿ ಲೆಕ್ಕ, ಇಷ್ಟಕ್ಕೂ ನಕಲು ಅರ್ಜಿ ಹಾಕಿ ದೃಢೀಕೃತ ಪ್ರತಿ ತೆಗೆಸು. ವಾರಂಟು ಕೈಗೆ ಬಂದ ಮೇಲೆ ನಿಧಾನವಾಗಿ ನೋಡು. ನ್ಯಾಯಾಧೀಶರ ಸಹಿ ಇದೆಯೇ, ಮೊಹರು ಇದೆಯೇ, ಯಾವ ತಿಂಗಳಿಂದ ಯಾವ ತಿಂಗಳವರೆಗಿನ ಬಾಕಿ, ಮೊತ್ತ ಎಷ್ಟು? ಮುಖ್ಯವಾಗಿ, ಅದು ಯಾವ ಬಗೆಯ ವಾರಂಟು? ನಮ್ಮ ಕೋರ್ಟುಗಳಲ್ಲಿ ಎಫ್‌ಎಲ್‌ಡಬ್ಲ್ಯು ಎನ್ನುವುದು ದಂಡ ವಸೂಲು ಮಾಡುವ ಹಾಗೆ ಹಣ ವಸೂಲು ಮಾಡುವುದಕ್ಕೆ. ಎನ್‌ಬಿಡಬ್ಲ್ಯು ಅಂದರೆ ಆಳನ್ನೇ ಹಿಡಿದು ತರುವುದಕ್ಕೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, ಅಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಏನನ್ನುತ್ತದೆ ಗೊತ್ತೇ? ಸಾಕಷ್ಟು ಕಾರಣವಿಲ್ಲದೆ ಹಣ ಕೊಡದಿದ್ದರೆ ವಸೂಲಿ ವಾರಂಟು. ಅದು ಜಾರಿಯಾದ ಮೇಲೂ ಉಳಿದ ಬಾಕಿಗೆ ಒಂದು ತಿಂಗಳವರೆಗೆ ಅಥವಾ ಹಣ ಕಟ್ಟುವವರೆಗೆ ಸಜೆ. ನಿನ್ನ ಕಡತದಲ್ಲಿ ಆ ಮೊದಲ ಮೆಟ್ಟಿಲನ್ನು ಹಾರಿ ನೇರವಾಗಿ ಹಿಡಿಯಲು ಬಂದಿದ್ದರೆ, ‘ಯಾಕೆ ಕೊಟ್ಟಿಲ್ಲ’ ಎಂದು ಕೇಳಿಯೇ ಇಲ್ಲದಿದ್ದರೆ, ಅದು ವಕೀಲರು ಗಟ್ಟಿಯಾಗಿ ಹಿಡಿಯಬೇಕಾದ ಎಳೆ. ಆ ಹಣಕ್ಕೆ ಆಕೆ ವಾರಂಟು ಕೇಳಿದ್ದು ಬಾಕಿಯಾದ ಒಂದು ವರ್ಷದೊಳಗೇ ಎಂಬುದನ್ನೂ ನೋಡಿಸು. ತಡವಾಗಿದ್ದರೆ ವಾರಂಟಿನ ದಾರಿ ಮುಚ್ಚುತ್ತದೆ. ಹಣದ ಹೊಣೆ ಮಾತ್ರ ಹಾಗೇ ಇರುತ್ತದೆ.

ಠಾಣೆಯಲ್ಲಿ ನಡೆದದ್ದನ್ನು ಇವತ್ತೇ ಬರೆದಿಡು. ಎಷ್ಟು ಹೊತ್ತಿಗೆ ಹಿಡಿದರು, ಕಾರಣ ಹೇಳಿದರೇ, ಕೇಳಿದಾಗ ವಾರಂಟು ತೋರಿಸಿದರೇ, ಮನೆಗೆ ತಿಳಿಸಿದರೇ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದರೇ. ಇವು ಸಂವಿಧಾನದ 22ನೇ ವಿಧಿ ಮತ್ತು 1996ರ ಡಿ.ಕೆ. ಬಸು ತೀರ್ಪಿನ ಕಾಲದಿಂದ ಪೊಲೀಸರಿಗೆ ಬಾಯಿಪಾಠವಾಗಿರಬೇಕಾದ ಸಂಗತಿಗಳು. ತಪ್ಪಿದ್ದರೆ ಹೈಕೋರ್ಟಿಗೆ ರಿಟ್ ಹಾಕಬಹುದು, ಪೊಲೀಸ್ ದೂರು ಪ್ರಾಧಿಕಾರಕ್ಕೆ ಬರೆಯಬಹುದು. ಪರಿಹಾರ ಸಿಗುವುದೇ ಇಲ್ಲ ಎಂದೇನಿಲ್ಲ. ಆದರೆ ಅದನ್ನೇ ನೆಚ್ಚಿಕೊಂಡು ಕೆಲಸ ಬಿಟ್ಟು ಅಲೆಯಬೇಡ.

ಇನ್ನು ಲೆಕ್ಕ. ಅತ್ತೆಯ ಕೈಗೆ ನಗದು ಕೊಟ್ಟೆ ಎನ್ನುತ್ತೀಯ. ರಸೀದಿ ಎಲ್ಲಿ? ಬ್ಯಾಂಕಿನ ಸ್ಟೇಟ್‌ಮೆಂಟು ತೆಗೆಸಿ ಆಕೆಗೆ ಹೋದ ಪ್ರತಿ ಪಾವತಿಯ ಪಕ್ಕ ಪೆನ್ಸಿಲ್‌ನಲ್ಲಿ ತಿಂಗಳ ಹೆಸರು ಬರೆ. ಫೋನ್‌ಪೇ ಮೆಸೇಜು, ‘ಬಂತು’ ಎಂದು ಆಕೆ ಕಳಿಸಿದ ವಾಟ್ಸಾಪು, ಯಾವುದನ್ನೂ ಅಳಿಸಬೇಡ. ಶಾಲೆಯ ಫೀಸು ಕಟ್ಟಿದ ರಸೀದಿಗಳನ್ನೂ ಹಾಜರುಪಡಿಸು, ಆದರೆ ಅದನ್ನು ವಜಾ ಹಾಕಬೇಕೋ ಬೇಡವೋ ಎಂದು ನಿರ್ಧರಿಸುವುದು ನ್ಯಾಯಾಧೀಶರು. ಅದನ್ನು ನೀನೇ ಮುರಿದುಕೊಂಡದ್ದು, ನಿಜ ಹೇಳಬೇಕೆಂದರೆ, ನಿನ್ನ ತಪ್ಪು.

ನೋಟಿಸೇ ಮುಟ್ಟದೆ ಆದೇಶ ಏಕಪಕ್ಷೀಯವಾಗಿ ಆಗಿದ್ದರೆ ಅದನ್ನು ರದ್ದು ಮಾಡಿಸಲು ಮೂರು ತಿಂಗಳ ಗಡುವಿದೆ, ಅದಕ್ಕೆ ಓಡು. ಕೆಲಸ ಹೋಗಿ ಅಷ್ಟು ಕೊಡಲು ಆಗದಿದ್ದರೆ ಮೊತ್ತ ಇಳಿಸಲು ಹೊಸ ಸಂಹಿತೆಯ 146ನೇ ಕಲಮಿನಡಿ ಬೇರೆಯೇ ಅರ್ಜಿ. ಅದರ ಜೊತೆ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಇಡಬೇಕು. 2020ರ ರಜನೇಶ್–ನೇಹಾ ತೀರ್ಪಿನಿಂದೀಚೆಗೆ ಇದು ಸಾಮಾನ್ಯವಾಗಿ ಕಡ್ಡಾಯ. ಸಂಬಳ ಮುಚ್ಚಿಟ್ಟು ಸಿಕ್ಕಿಬಿದ್ದೆಯೋ, ಆಮೇಲೆ ನಿನ್ನ ಯಾವ ಮಾತನ್ನೂ ಯಾರೂ ನಂಬುವುದಿಲ್ಲ. ಫ್ಯಾಮಿಲಿ ಕೋರ್ಟಿನ ಆದೇಶದ ಮೇಲೆ ರಿವಿಜನ್ ಹೈಕೋರ್ಟಿಗೆ, ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಸೆಷನ್ಸ್ ಕೋರ್ಟಿಗೆ.

ವಕೀಲರ ಫೀಸಿಗೆ ಸಾಲ ಮಾಡಬೇಡ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳು, ಇಲ್ಲವೇ 15100ಕ್ಕೆ ಫೋನು ಮಾಡು. ಕಸ್ಟಡಿಯಲ್ಲಿರುವವರಿಗಂತೂ ಉಚಿತ ವಕೀಲರು ಹಕ್ಕಾಗಿಯೇ ಸಿಗುತ್ತಾರೆ. ಆಕೆಗೂ ಮಗುವಿಗೂ ಆ ಹಕ್ಕಿದೆ ಎಂಬುದು ನೆನಪಿರಲಿ.

ಇನ್ನೊಂದು. ಬಾಕಿ ಎಷ್ಟು ಎಂಬ ತಕರಾರು ತೀರಲಿ ಎಂದು ಈ ತಿಂಗಳದ್ದನ್ನು ತಡೆಹಿಡಿಯಬೇಡ. ಪುಟ್ಟಿಗೆ ನಿಮ್ಮಿಬ್ಬರ ಜಗಳ ಗೊತ್ತಿಲ್ಲ. ಅವಳ ಪಾಲು ನಿಮ್ಮಿಬ್ಬರ ರಾಜಿಯಲ್ಲೂ ಬಿಟ್ಟುಕೊಡಲು ಬರುವಂಥದ್ದಲ್ಲ. ತಕರಾರಿಲ್ಲದ ಮೊತ್ತವನ್ನು ಆಕೆಯ ಖಾತೆಗೆ ಹಾಕಿ, ವಿವರದ ಜಾಗದಲ್ಲಿ ಯಾವ ತಿಂಗಳದ್ದು ಎಂದು ಬರೆ. ಆಕೆ ತೆಗೆದುಕೊಳ್ಳದಿದ್ದರೆ ಕೋರ್ಟಿನಲ್ಲೇ ಕಟ್ಟಲು ಮೆಮೊ ಹಾಕಿಸು. ಮುಂದಿನ ವಾಯಿದೆಯ ಹೊತ್ತಿಗೆ ಆ ರಸೀದಿ ನಿನ್ನ ಜೇಬಿನಲ್ಲಿರಲಿ. ಕೇಸು ಕೂಗುವ ಹೊತ್ತಿಗೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಕೂತಿರಬೇಡ. ಗೈರಾದರೆ ಇನ್ನೊಂದು ವಾರಂಟು ಹೊರಡುತ್ತದೆ, ಆಗ ನಾನೂ ಏನೂ ಮಾಡಲಾರೆ.