ಪ್ರಾಥಮಿಕ ಶಿಕ್ಷಕನೂ ಅವನ ಬೋಧನದರ್ಶನವೂ

ಶಿಕ್ಷಕನಾಗಲು ಬೇಕಾದ ಅರ್ಹತೆ ಯಾವುದೆಂದರೆ ಉತ್ತರ ಸುಲಭ. ಎರಡು ವರ್ಷಗಳ ತರಬೇತಿ, ಅರ್ಹತಾ ಪರೀಕ್ಷೆ, ನೇಮಕಾತಿಯ ಆದೇಶ ಇವು ಕೈಸೇರಿದರೆ ಹಾಜರಿ ಪುಸ್ತಕ ಹಿಡಿಯುವ ಅಧಿಕಾರ ಲಭಿಸುತ್ತದೆ. ಆದರೆ ಒಂದನೆಯ ತರಗತಿಯ ಮುಂದೆ ನಿಂತೊಡನೆ ಬೇರೊಂದು ಪ್ರಶ್ನೆ ಎದುರಾಗುತ್ತದೆ: ಈ ಮಗು ಕಲಿಯದಿದ್ದರೆ ನಾನೇನು ಮಾಡಬೇಕು? ಇದಕ್ಕೆ ಶಿಕ್ಷಕನು ತನ್ನ ಕೃತಿಯಿಂದ ಕೊಡುವ ಉತ್ತರವೇ ಅವನ ಬೋಧನದರ್ಶನ. ‘ಮಗು ದಡ್ಡ’ ಎನ್ನುವುದೂ ಒಂದು ಉತ್ತರವೇ. ಆದರೆ ಅದು ವಿಚಾರದ ಬಾಗಿಲನ್ನೇ ಮುಚ್ಚಿಬಿಡುತ್ತದೆ.

ಗುಜರಾತಿನ ಗಿಜುಭಾಯಿ ಬಧೇಕಾ (1885–1939) ಅವರು ವೃತ್ತಿಯಿಂದ ವಕೀಲರು. ಮಗನು ಜನಿಸಿದ ಮೇಲೆ ಅವರ ಮನಸ್ಸು ಶಿಶುಶಿಕ್ಷಣದತ್ತ ಹೊರಳಿತು. ಮಾಂಟೆಸ್ಸರಿಯವರ ವಿಚಾರಗಳನ್ನು ಅಭ್ಯಸಿಸಿ, 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿ, 1920ರಲ್ಲಿ ಅಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಅವರ ‘ದಿವಾಸ್ವಪ್ನ’ ಎಂಬ ಕಥಾರೂಪದ ಕೃತಿಯಲ್ಲಿ ಲಕ್ಷ್ಮೀರಾಮನೆಂಬ ಶಿಕ್ಷಕನು ನಾಲ್ಕನೆಯ ತರಗತಿಯಲ್ಲಿ ಪ್ರಯೋಗ ಕೈಗೊಳ್ಳುತ್ತಾನೆ. ಮೊದಲ ದಿನ ಅವನು ಯೋಜಿಸಿದ್ದ ಮೌನದ ಆಟ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಅವನು ಮಕ್ಕಳನ್ನು ದೂಷಿಸದೆ ಯೋಜನೆಯನ್ನೇ ಬದಲಿಸಿ, ಕಥೆ ಹೇಳತೊಡಗುತ್ತಾನೆ. ಮಕ್ಕಳು ತಾವಾಗಿಯೇ ಕಿವಿಗೊಡುತ್ತಾರೆ. ದರ್ಶನವು ರೂಪುಗೊಳ್ಳುವ ಬಗೆ ಇದು.

ಇಂಥದೇ ಪರಿವರ್ತನೆ ನಮ್ಮ ನಾಡಿನಲ್ಲಿಯೂ ನಡೆದಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ಕಂಡುಬಂದು, ಕಲಿಕೆಯ ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು. ಅದೇ ‘ನಲಿ-ಕಲಿ’ಯ ಆರಂಭ, 2009-10ರಲ್ಲಿ ಅದು ರಾಜ್ಯದಾದ್ಯಂತ ವಿಸ್ತರಿಸಿತು. ಅದರಲ್ಲಿ ಅಕ್ಷರಗಳ ಕ್ರಮವೇ ಬೇರೆ. ವರ್ಣಮಾಲೆಯಂತೆ ಸ್ವರಗಳನ್ನೆಲ್ಲ ಬಾಯಿಪಾಠ ಮಾಡಿದ ಮಗು ಅವುಗಳಿಂದಷ್ಟೇ ಓದಬಲ್ಲ ಪದಗಳು ಇಲ್ಲವೆನ್ನುವಷ್ಟು ವಿರಳ. ರ, ಗ, ಸ, ದ, ಅ ಎಂಬ ಐದನ್ನು ಮೊದಲು ಕಲಿತ ಮಗುವಾದರೋ ಸರ, ಅರಸ, ಅಗಸ, ಗರಗಸ ಎಂದು ಓದಬಲ್ಲದು. ಅಕ್ಷರದಿಂದ ಅರ್ಥ ಹುಟ್ಟುವ ಆನಂದ ಅದಕ್ಕೆ ಬೇಗನೆ ದೊರೆಯುತ್ತದೆ.

ಇದು ಅಲ್ಪ ವಿಷಯವಲ್ಲ. ಮೂರನೆಯ ತರಗತಿ ಮುಗಿದರೂ ಓದಲು ಬಾರದ ಮಗುವಿಗೆ ಮುಂದಿನ ಪರಿಸರ ಪಾಠವೂ, ಗಣಿತದ ಮಾತಿನ ಲೆಕ್ಕವೂ ನಿಲುಕುವುದಿಲ್ಲ. ಪ್ರತಿದಿನ ಶಾಲೆಗೆ ಬರುತ್ತಲೇ ಅದು ಶಾಲೆಯಿಂದ ಹೊರಗುಳಿಯುತ್ತದೆ.

ಆದುದರಿಂದ ಹೊಸ ಶಿಕ್ಷಕನು ಒಂದು ಟಿಪ್ಪಣಿ ಪುಸ್ತಕವನ್ನಿರಿಸಿಕೊಳ್ಳುವುದು ಒಳಿತು. ಯಾವ ಮಗು ಎಲ್ಲಿ ತಡೆಯಿತು, ತಾನು ಏನು ಮಾಡಿದೆ, ಫಲವೇನು ಎಂಬ ಮೂರನ್ನು ಅದರಲ್ಲಿ ಬರೆಯಲಿ. ‘ಮರ’ವನ್ನು ‘ವರ’ ಎಂದೋದಿದ ಮಗುವಿಗೆ ಬೇಕಾದುದು ಗದರಿಕೆಯಲ್ಲ. ಮ, ವ ಎರಡನ್ನೂ ಮರಳಿನ ಮೇಲೆ ಪಕ್ಕಪಕ್ಕದಲ್ಲಿ ತಿದ್ದಿಸಿ ಅವುಗಳ ಭೇದವನ್ನು ಕಾಣಿಸುವುದು. ಅದೂ ಫಲಿಸದಿದ್ದರೆ ಮರುದಿನ ಇನ್ನೊಂದು ಉಪಾಯ. ಹೀಗೆ ವರ್ಷದ ಕೊನೆಗೆ ಆ ಪುಸ್ತಕವೇ ಅವನ ದರ್ಶನಗ್ರಂಥವಾಗುತ್ತದೆ.

ಶಾಲೆಯ ಹಿತೈಷಿಗಳಿಗೂ ಇಲ್ಲೊಂದು ಕರ್ತವ್ಯವಿದೆ. ಕಟ್ಟಡ ಬೇಕು, ನಿಜ. ಅದರೊಡನೆ ಕಥೆಯ ಪುಸ್ತಕಗಳೂ, ಕಲಿಕೆಯ ಸಾಮಗ್ರಿಯೂ, ಪ್ರತಿ ಮಗುವನ್ನು ಗಮನಿಸಲು ಶಿಕ್ಷಕನಿಗೆ ಅವಕಾಶವೂ ದೊರೆಯಬೇಕು. ಹಿಂದಿನ ಸಾಲಿನ ಮಗು ಓದತೊಡಗಿದ ದಿನವೇ ಶಿಕ್ಷಕನ ಅರ್ಹತೆ ಪೂರ್ಣಗೊಳ್ಳುತ್ತದೆ.